ಹಾಸುಗಲ್ಲಿನ ಮೇಲೆ ನಿಂತು ಎಣಿಸುವ ಅಮೋಘಿ

೧೯೭೪ರ ಬೇಸಿಗೆ. ಭೂತನಾಳ ಕೆರೆಯ ನೀರಿನ ಮನೆಗೆ ಹೊಸದಾಗಿ ಬಂದ ಓವರ್‌ಸಿಯರ್ ಶಿವಶರಣಪ್ಪನವರು ಮೊದಲ ಮುಂಜಾನೆಯೇ ಸೊಂಟದ ತನಕ ತೊಯ್ದರು. ಇಬ್ರಾಹಿಂಪುರಕ್ಕೆ ನೀರು ಸಾಲದೆಂದು ಹಿಂಬಾಗಿಲಲ್ಲಿ ನಿಂತು, ಕಚೇರಿಯ ಚೀಟಿಯಲ್ಲಿದ್ದಂತೆ, ನೀರು ಬಿಡುವ ಐದು ಚಕ್ರಗಳ ಸಾಲಿನಲ್ಲಿ ಎಡದಿಂದ ಎರಡನೆಯದನ್ನು ತಿರುಗಿಸಿದ್ದರು. ನೀರು ಇಬ್ರಾಹಿಂಪುರಕ್ಕೆ ಹೋಗದೆ, ಬೆನ್ನ ಹಿಂದೆ ಹಳ್ಳಕ್ಕೆ ಬಿಡುವ ಕೊಳವೆಯಿಂದ ಪ್ಯಾಂಟಿಗೆ ನುಗ್ಗಿತು.

ಕಸ ಗುಡಿಸುತ್ತಿದ್ದ ಸಕ್ರವ್ವ ಬಾಯಿಗೆ ಸೆರಗು ಒತ್ತಿಕೊಂಡಳು. “ಯಪ್ಪಾ, ಹೊಸ ಸಾಹೇಬ್ರಿಗೆ ಕೆರಿ ತಾಯಿ ಜಳಕಾ ಮಾಡಿಸ್ಯಾಳ ನೋಡ್ರಿ!”

ಓದಿದವರಾದ ನಮಗೆಲ್ಲ ಇರುವ ರೋಗದಂತೆ, ಸಾಹೇಬರು ಚಕ್ರವೇ ಕೆಟ್ಟಿದೆಯೆಂದು ನೀರು ಬಿಡುವ ಅಮೋಘಿಯನ್ನು ಗದರಿಸಿದರು. ಅಮೋಘಿ ಮುಂಬಾಗಿಲಿಗೆ ಹೋಗಿ ಆ ಚಕ್ರ ಮುಚ್ಚಿದ. ಅವನದು ಕುರಿ ಕಾಯುವ ಮನೆತನ. ಕುರಿಯನ್ನು ದೊಡ್ಡಿಯ ಬಾಗಿಲಲ್ಲೇ ನಿಂತು ಎಣಿಸಬೇಕೆಂದು ಅಪ್ಪ ಸಂಗಣ್ಣ ಕೋಲು ತೋರಿಸಿ ಕಲಿಸಿದ್ದ. ಹನ್ನೊಂದು ವರ್ಷದಿಂದ ಅಮೋಘಿ ಆ ಐದು ಚಕ್ರಗಳನ್ನೂ ಹಾಗೇ ಎಣಿಸುತ್ತಿದ್ದ. ಮುಂಬಾಗಿಲ ಹಾಸುಗಲ್ಲಿನ ಪಕ್ಕ ಚಪ್ಪಲಿ ಬಿಟ್ಟು, ಕಲ್ಲಿನ ಮೇಲೆ ನಿಲ್ಲುವ ತನಕ ಚಕ್ರ ಮುಟ್ಟುತ್ತಿರಲಿಲ್ಲ. ಕಚೇರಿಯವರಿಗೆ ಅದೊಂದು ನಗೆ.

ಮಧ್ಯಾಹ್ನ ಇಬ್ರಾಹಿಂಪುರದ ಹಣಮಂತ ಸೈಕಲ್ ಒಗೆದು ಓಡಿಬಂದ. “ದೊಡ್ಡ ಪೈಪ್ ಒಡದೈತ್ರಿ! ಪೀರಾಂಬಿ ಮನಿ ಗ್ವಾಡಿ ನೆನದು ಬಾಗೇತಿ. ಬಾಣಂತಿ ಮಗಳು ಒಳಗದಾಳ, ನೀರಿನ ಸೆಳವಿಗೆ ಹೊರಗ ಬರಾಕ ಆಗವಲ್ದು!”

ಸಾಹೇಬರು ಹಿಂಬಾಗಿಲಿಗೆ ಓಡಿ ಚೀಟಿ ಬಿಡಿಸಿದರು. ‘ಇಬ್ರಾಹಿಂಪುರದ ಪೈಪ್ ಒಡೆದರೆ ಎಡದಿಂದ ನಾಲ್ಕನೆಯದು ತೆರೆ, ಎರಡನೆಯದು ಬಂದ್.’

“ತಿರುಗಿಸು ಲೇ!”

ಅಮೋಘಿ ಕಟ್ಟಡ ಸುತ್ತುಹಾಕಿ ಓಡತೊಡಗಿದ.

“ಎಲ್ಲಿ ಹೊಂಟಿ ಲೇ? ಅಲ್ಲಿ ಗ್ವಾಡಿ ಬೀಳಾಕತ್ತೈತಿ!”

ಕಾಯುವ ತಾಳ್ಮೆಯಿಲ್ಲದೆ ಸಾಹೇಬರೇ ನಾಲ್ಕನೆಯ ಚಕ್ರಕ್ಕೆ ಕೈ ಹಾಕಿದರು. ಅದು ಮಿಸುಕಿತು.

“ಕೈ ತಗೀರಿ!” ಮುಂಬಾಗಿಲಿಂದ ಅಮೋಘಿ ಚೀರಿದ. ಹನ್ನೊಂದು ವರ್ಷದಲ್ಲಿ ಅವನು ಯಾವ ಸಾಹೇಬರಿಗೂ ಚೀರಿದವನಲ್ಲ. ಚಪ್ಪಲಿ ಬಿಟ್ಟು ಕಲ್ಲಿನ ಮೇಲೆ ನಿಂತ. “ಈಗ ಓದ್ರಿ.”

ಸಾಹೇಬರು ಓದಿದರು. ಅಮೋಘಿ ತನ್ನ ನಾಲ್ಕನೆಯದನ್ನು ತೆರೆದ. ಹಳ್ಳದ ಕೊಳವೆಯ ನೀರಿಗೆ ಸಾಹೇಬರು ಮತ್ತೆ ತೊಯ್ದರು. ಆಮೇಲೆ ಎರಡನೆಯದಕ್ಕೆ ಬಂದ. ಅದರ ಮೇಲೆ ಇನ್ನೂ ಸಾಹೇಬರ ಕೈ ಇತ್ತು. ಸಾಹೇಬರ ಕಡೆಯಿಂದ ನಾಲ್ಕನೆಯದು, ಚೀಟಿ ಹೇಳುವ ಮುಂಬಾಗಿಲ ಕಡೆಯಿಂದ ಎರಡನೆಯದು, ಇಬ್ರಾಹಿಂಪುರದ್ದೇ ಚಕ್ರ. ಪೂರ್ತಿ ತೆರೆದಿದ್ದರೆ ಇದ್ದಬದ್ದ ನೀರೆಲ್ಲ ಆ ಬಾಣಂತಿಯ ಮೇಲೆ. ಸಾಹೇಬರು ಕೈ ತೆಗೆದರು, ಅಮೋಘಿ ಅದನ್ನು ಬಂದ್ ಮಾಡಿದ.

ಹಣಮಂತ ಹೋಗಿ ತಿರುಗಿ ಬರುವ ತನಕ ಯಾರೂ ಕೂತುಕೊಳ್ಳಲಿಲ್ಲ.

“ನೀರು ಇಳದಾವ್ರಿ. ತಾಯಿ, ಕೂಸು ಹೊರಗ ಬಂದ ಮ್ಯಾಲ ಗ್ವಾಡಿ ಬಿತ್ತು.”

ಸಾಹೇಬರು ಪ್ಯಾಂಟ್ ಹಿಂಡುತ್ತ ಕೇಳಿದರು, “ಅಲ್ಲೋ ಅಮೋಘಿ, ಹಿಂದಿನ ಬಾಗಿಲದಾಗ ನಿಂತು ಬಲದಿಂದ ಎಣಿಸಿದ್ರ ನಡೀತಿರಲಿಲ್ಲೇನು?”

ಅಮೋಘಿ ಚಪ್ಪಲಿ ಮೆಟ್ಟಿಕೊಂಡ.

“ನಡೀತಿತ್ರಿ. ಮುಂಜಾನಿ ನೀವು ಹಂಗ ಎಣಿಸಿದ್ರ, ಪ್ಯಾಂಟ್ ಒಂದ ಸಲ ತೊಯ್ತಿತ್ರಿ.”