ಕಡುಬಿನ ಪಾತ್ರೆಯೊಳಗಿನ ಗೋಲಿ

ನೆಲ ನೋಡಿಕೊಂಡು ನಡೆಯುವ ಗಂಡಸನ್ನು ಜನ ವಿನಯವಂತ ಎಂದು ತಿಳಿಯುತ್ತಾರೆ. ಕುಶಾಲನಗರದಲ್ಲಿ ನನಗೆ ಅಂಥದೊಂದು ಒಳ್ಳೆಯ ಹೆಸರಿದೆ. ಅದನ್ನು ತಿದ್ದುವ ಗೋಜಿಗೆ ನಾನು ಹೋಗಿಲ್ಲ. ನಿಜ ಸಂಗತಿಯನ್ನು ನಿಮ್ಮೊಬ್ಬರ ಹತ್ತಿರ ಹೇಳುತ್ತೇನೆ. ನಾನು ಗೋಲಿ ಹುಡುಕುತ್ತಿರುತ್ತೇನೆ. ಹೌದು, ಮಕ್ಕಳಾಡುವ ಗಾಜಿನ ಗೋಲಿಯೇ. ವಯಸ್ಸು ಐವತ್ತೆಂಟು, ಪೇಟೆಯಲ್ಲಿ ಒಂದು ಕನ್ನಡಕದ ಅಂಗಡಿ, ಮನೆಯಲ್ಲಿ ಹತ್ತಿ ಹಾಸಿದ ಮೂರು ಮರದ ಪೆಟ್ಟಿಗೆ, ಅವುಗಳ ತುಂಬ ಹಳೆಯ ಗೋಲಿಗಳು. "ಬೇರೆಯೋರ ಗಂಡಂದ್ರು ಈ ವಯಸ್ಸಲ್ಲಿ ಸೈಟು ನೋಡ್ತಾರೆ, ನಮ್ಮೋರು ಗೋಲಿ ನೋಡ್ತಾರೆ" ಎಂದು ನನ್ನ ಹೆಂಡತಿ ಸರೋಜ ಬಂದ ನೆಂಟರಿಗೆಲ್ಲ ನನ್ನನ್ನು ಪರಿಚಯಿಸುತ್ತಾಳೆ. ನೆಂಟರು ನಗುತ್ತಾರೆ. ನಾನೂ ನಗುತ್ತೇನೆ, ಆದರೆ ನೆಂಟರ ಮಕ್ಕಳು ಪೆಟ್ಟಿಗೆಯ ಹತ್ತಿರ ಸುಳಿಯದ ಹಾಗೆ ಒಂದು ಕಣ್ಣಿಟ್ಟಿರುತ್ತೇನೆ.

ಹಳೆಯ ಗೋಲಿಯನ್ನು ಗುರುತಿಸುವುದು ಹುಡುಗಾಟವಲ್ಲ. ಒಂದು ಕಾಲದಲ್ಲಿ ಜರ್ಮನಿಯ ಕಡೆ ಗೋಲಿಗಳನ್ನು ಕೈಯಲ್ಲೇ ಮಾಡುತ್ತಿದ್ದರಂತೆ. ಬಣ್ಣದ ಎಳೆಗಳನ್ನು ಒಳಗಿಟ್ಟು ಗಾಜಿನ ಕೋಲನ್ನು ಕಾಯಿಸಿ, ತಿರುಚಿ, ಮೆತ್ತಗಿರುವಾಗಲೇ ಕತ್ತರಿಯಂಥ ಒಂದು ಸಲಕರಣೆಯಿಂದ ತುಂಡು ತುಂಡಾಗಿ ಕತ್ತರಿಸಿ ಉರುಟು ಮಾಡುತ್ತಿದ್ದರು. ಕತ್ತರಿಸಿದ ಜಾಗದಲ್ಲಿ ಒಂದು ಒರಟು ಗುರುತು ಉಳಿಯುತ್ತಿತ್ತು. ನಾನದನ್ನು ಹೊಕ್ಕುಳು ಎನ್ನುತ್ತೇನೆ. ಯಂತ್ರದಿಂದ ಉದುರಿದ ಗೋಲಿಗೆ ಹೊಕ್ಕುಳಿಲ್ಲ. ಕೈಯಲ್ಲಿ ಮಾಡಿದ್ದು ಪೂರ್ತಿ ದುಂಡಗೂ ಇರುವುದಿಲ್ಲ, ಎಲ್ಲೋ ಒಂದು ಕಡೆ ಕೂದಲೆಳೆಯಷ್ಟು ಸೊಟ್ಟ. ಹೊಸಬರು ಸೋಡಾ ಬಾಟಲಿಯ ಹಸಿರು ಗೋಲಿ ಸಿಕ್ಕಿದರೆ ನಿಧಿ ಸಿಕ್ಕಿತೆಂದು ಕುಣಿಯುತ್ತಾರೆ. ನಾನು ಅಂಥವರನ್ನು ಕಂಡಾಗ ಹಿರಿಯರು ನಗುವ ಹಾಗೆ ತುಟಿಯಂಚಿನಲ್ಲಿ ನಗುತ್ತೇನೆ. ಈ ನಗುವಿಗೆ ನಾನು ತೆತ್ತ ದಂಡವನ್ನೇ ಈಗ ಹೇಳಹೊರಟಿರುವುದು.

ಸಂಗ್ರಹಕಾರರಲ್ಲಿ ಇನ್ನೊಂದು ಕಟ್ಟುನಿಟ್ಟಿನ ನಿಯಮವಿದೆ. ಆಡದ ಗೋಲಿಗೇ ಹೆಚ್ಚು ಮರ್ಯಾದೆ. ಗೋಲಿಗೆ ಗೋಲಿ ತಾಗಿದಾಗ ಮೈಮೇಲೆ ಉಗುರಿನ ತುದಿಯಂಥ ಪುಟ್ಟ ಗಾಯವಾಗುತ್ತದೆ. ಅಂಥ ಗಾಯ ಹೆಚ್ಚಿದಷ್ಟೂ ಅದರ ಬೆಲೆ ಇಳಿಯುತ್ತದೆ. ಯೋಚಿಸಿದರೆ ವಿಚಿತ್ರ. ನಾವು ಚಿಕ್ಕವರಾಗಿದ್ದಾಗ ಗಾಯವಿಲ್ಲದ ಗೋಲಿ ಹಿಡಿದುಕೊಂಡು ಬಂದವನನ್ನು ಆಟಕ್ಕೇ ಸೇರಿಸುತ್ತಿರಲಿಲ್ಲ, ಅವನಿಗೆ ಗುರಿ ಬರುವುದಿಲ್ಲವೆಂದು. ಸೋತವನು ಮುಷ್ಟಿಕಟ್ಟಿ ನೆಲಕ್ಕೂರಬೇಕು, ಗೆದ್ದವನು ಗೋಲಿಯಿಂದ ಅವನ ಗೆಣ್ಣಿಗೆ ಹೊಡೆಯಬೇಕು. ನನ್ನ ಬಲಗೈಯ ಗೆಣ್ಣುಗಳನ್ನು ನೋಡಿದವರಿಗೆ ನಾನು ಎಂಥ ಆಟಗಾರನಾಗಿದ್ದೆ ಎಂಬುದು ತಿಳಿಯುತ್ತದೆ.

ಆದರೆ ಆಟದಲ್ಲಿ ಇಲ್ಲದ ಒಂದು ಗುಣ ಹುಡುಕಾಟದಲ್ಲಿ ನನಗಿದೆ. ಹಿಡಿದದ್ದನ್ನು ಬಿಡುವುದಿಲ್ಲ. ನನ್ನ ಪೆಟ್ಟಿಗೆಯ ಮೂಲೆಯಲ್ಲಿದ್ದ ಅತ್ಯುತ್ತಮ ಗೋಲಿ ಹಾಗೆ ಬಂದದ್ದೇ. ಮಡಿಕೇರಿ ಕಡೆಯ ಒಂದು ಎಸ್ಟೇಟಿನಲ್ಲಿ, ಹಳೆಯ ಬಂಗಲೆಯ ಹಿಂದೆ ಕಾಫಿ ಗಿಡಕ್ಕೆ ಗುಂಡಿ ತೆಗೆಯುತ್ತಿದ್ದಾರೆಂದು ಅಲ್ಲಿ ಲೆಕ್ಕ ಬರೆಯುವ ರೈಟರ್ ಕನ್ನಡಕ ಮಾಡಿಸಲು ಬಂದಾಗ ಬಾಯಿತಪ್ಪಿ ಹೇಳಿದರು. ಹನ್ನೊಂದು ಭಾನುವಾರ ಆ ಗುಂಡಿಗಳ ಮಣ್ಣನ್ನು ಜರಡಿ ಹಿಡಿದೆ. ಕೂಲಿ ಲೈನಿನ ಮನೆಗಳ ಹೆಂಗಸರು ನನ್ನನ್ನು ನೋಡಲೆಂದೇ ಬಂದು ನಿಲ್ಲುತ್ತಿದ್ದರು. ಹನ್ನೊಂದನೆಯ ಭಾನುವಾರ ಸಿಕ್ಕಿತು: ನಿಂಬೆಕಾಯಿಗಿಂತ ಸ್ವಲ್ಪ ಚಿಕ್ಕದು, ಎರಡೂ ತುದಿಯಲ್ಲಿ ಹೊಕ್ಕುಳು, ಮಣ್ಣಲ್ಲಿ ಹೂತು ಹೂತು ಮೈ ಮಂಕಾಗಿದ್ದರೂ ಒಳಗೆ ಬಿಳಿಯ ಬಲೆಯ ಸುತ್ತ ನೀಲಿ ಕೆಂಪು ಎಳೆಗಳು. ಅಂದಿನಿಂದ ಹದಿನಾರು ವರ್ಷ ಅದು ಹತ್ತಿಯ ಮೇಲೆ ಮಲಗಿತ್ತು.

ಈಗ ನಾಪೋಕ್ಲಿನ ಸಂಗತಿ. ತಯಾರಾದ ಕನ್ನಡಕಗಳನ್ನು ಕೊಡಲು ಹದಿನೈದು ದಿನಕ್ಕೊಮ್ಮೆ ಅಲ್ಲಿಗೆ ಬಸ್ಸಿನಲ್ಲಿ ಹೋಗುತ್ತೇನೆ. ಕೆಲಸ ಮುಗಿಸಿ ಲೀಲಕ್ಕನ ಹೋಟೆಲಿನಲ್ಲಿ ತಿನ್ನುತ್ತೇನೆ. ಹೋಟೆಲೆಂದರೆ ಎರಡು ಬೆಂಚು, ಒಂದು ಒಲೆ, ಎಪ್ಪತ್ತು ದಾಟಿದ ಲೀಲಕ್ಕ. ಅವರ ಮನೆಮಾತು ಅರೆಭಾಷೆ, ಈ ಕಡೆಯ ಗೌಡರ ಕನ್ನಡ. ಬಂದವರ ಜೊತೆ ಅವರವರ ಮಾತಿನಲ್ಲೇ ಮಾತಾಡುತ್ತಾರೆ, ಎಲ್ಲ ಮಾತಿನಲ್ಲೂ ಬೈಯುತ್ತಾರೆ. ಅವರು ಮಾಡುವ ಅಕ್ಕಿತರಿಯ ಉಂಡೆ ಕಡುಬು, ಕೋಳಿಸಾರು ಇದ್ದರೆ ನನಗೆ ಬಸ್ಸು ತಪ್ಪಿದರೂ ಚಿಂತೆಯಿಲ್ಲ.

ಒಂದು ದಿನ ಕಡುಬಿಗೆ ಕಾಯುತ್ತಾ ಕೂತಿದ್ದಾಗ ಒಲೆಯ ಕಡೆಯಿಂದ ಸದ್ದು ಕೇಳಿತು. ಟಕ್, ಟಕ್ ಟಕ್. ನಿಮಗೆ ಗೊತ್ತಿರಬಹುದು, ಹಬೆಯಲ್ಲಿ ಬೇಯಿಸುವ ಪಾತ್ರೆಯ ತಳದ ನೀರು ಬತ್ತಿತೋ ಇಲ್ಲವೋ ಎಂದು ಮೇಲಿಂದ ತಿಳಿಯುವುದಿಲ್ಲ. ಮುಚ್ಚಳ ತೆಗೆದು ನೋಡಿದರೆ ಹಬೆ ಹೋಗಿ ಕಡುಬು ಕೆಡುತ್ತದೆ. ಅದಕ್ಕೆ ತಳದಲ್ಲಿ ಒಂದು ನಾಣ್ಯವನ್ನೋ ಕಲ್ಲನ್ನೋ ಹಾಕಿಡುತ್ತಾರೆ. ನೀರು ಕುದಿಯುವಷ್ಟು ಹೊತ್ತು ಅದು ಕುಣಿದು ಸದ್ದು ಮಾಡುತ್ತದೆ. ಸದ್ದು ನಿಂತರೆ ನೀರು ಹಾಕಬೇಕು. ಆದರೆ ಅಂದು ಕೇಳಿದ್ದು ನಾಣ್ಯದ ಸದ್ದಲ್ಲ, ಕಲ್ಲಿನದೂ ಅಲ್ಲ. ಗಾಜು! ನಾನು ಬೆಂಚಿನಿಂದ ಎದ್ದೇ ಬಿಟ್ಟೆ.

ಪಾತ್ರೆ ಇಳಿಸಿದ ಮೇಲೆ ಲೀಲಕ್ಕ ಅದನ್ನು ಸೌಟಿನಲ್ಲಿ ಎತ್ತಿ ತೋರಿಸಿದರು. ನೀರಿನ ಸುಣ್ಣ ಕಟ್ಟಿ ಬೆಳ್ಳಗಾಗಿತ್ತು. ಒಮ್ಮೆ ನೀರು ಬತ್ತಿದ ಪಾತ್ರೆಗೆ ತಣ್ಣೀರು ಸುರಿದಿದ್ದರಂತೆ, ಅದರಿಂದ ಒಳಗೆಲ್ಲ ಬಿರುಕಿನ ಜಾಲ. ಬೆರಳಿನಿಂದ ಸವರಿದೆ. ಒಂದು ತುದಿಯಲ್ಲಿ ಒರಟು. ಹೊಕ್ಕುಳು! ಸುಣ್ಣ ಉದುರಿದ ಕಡೆ, ಬಿರುಕುಗಳ ಸಂದಿಯಲ್ಲಿ ಒಂದು ನೀಲಿ ಎಳೆ. ಯಾರದೋ ಕೈ ತಿರುಚಿ ಮಾಡಿದ ಗೋಲಿ ಇಲ್ಲಿ ದಿನವೂ ಬೆಳಿಗ್ಗೆ ಸಂಜೆ ಬೇಯುತ್ತಿದೆ, ಇವತ್ತೋ ನಾಳೆಯೋ ಒಡೆದುಹೋಗುತ್ತದೆ. ಇದನ್ನು ಉಳಿಸುವವನು ಈ ಜಿಲ್ಲೆಯಲ್ಲಿ ನಾನೊಬ್ಬನೇ ಎಂದು ಅಲ್ಲೇ ಶಪಥ ಮಾಡಿದೆ.

"ಇದು ಎಲ್ಲಿಂದ ಬಂತು ಲೀಲಕ್ಕ?"

"ಗೊತ್ತಿಲ್ಲೆ ಮಾರಾಯ್ರೆ. ಪಾತ್ರೆಯಲ್ಲೇ ಇತ್ತು."

"ನನಗೆ ಕೊಡ್ತೀರಾ?"

"ನಿಮಗೆ ಕೊಟ್ರೆ ನನ್ನ ಪಾತ್ರೆ ಮೂಕ ಆಗ್ತದೆ ಅಲ್ವಾ? ಇದಕ್ಕೂ ಈಗ ಗಂಟಲು ಕಟ್ಟಿ ಉಂಟು. ಆದ್ರೂ ಏನೋ ಒಂದು ಹೇಳ್ತದೆ. ಬದಲಿಗೆ ಬೇರೆ ಎಂತಾದ್ರೂ ತಂದ್ಕೊಡಿ, ನೋಡುವ."

ಅಷ್ಟು ಸಾಕಿತ್ತು. ಮುಂದಿನ ಸಲ ಕಿರಾಣಿ ಅಂಗಡಿಯಿಂದ ಹೊಸ ಗೋಲಿಗಳನ್ನು ಒಯ್ದೆ. ಲೀಲಕ್ಕ ಒಂದನ್ನು ಪಾತ್ರೆಗೆ ಹಾಕಿ, ಗೋಡೆಯ ಕಡೆ ಮುಖ ಮಾಡಿ ಕೇಳಿಸಿಕೊಂಡು, "ಇದು ಒಂದೇ ಕಡೆ ಕೂತು ಗಿರ್ರ್ ಅಂತದೆ, ಬೇಡ" ಎಂದರು. ಅದರ ಮುಂದಿನ ಸಲ ಗ್ಯಾರೇಜಿನಿಂದ ಕಬ್ಬಿಣದ ಗುಂಡು. "ಅಯ್ಯೋ, ತಲೆ ಒಡೀತದೆ, ತೆಗೀರಿ!" ಆಮೇಲೆ ಹೊಳೆಯ ಬೆಣಚುಕಲ್ಲು. ಅದನ್ನು ಅವರು ಸೌಟಿನಿಂದ ತೆಗೆದು ಬಾಗಿಲಾಚೆ ಎಸೆದರು. ಒಂದೂವರೆ ತಿಂಗಳು ಹೀಗೆ ಕಳೆಯಿತು. ಕಡುಬು ತಿಂದು ತಿಂದು ನನ್ನ ಬೆಲ್ಟು ಒಂದು ತೂತು ಹಿಂದೆ ಸರಿಯಿತು, ಶಪಥ ಮಾತ್ರ ಸರಿಯಲಿಲ್ಲ.

ಕೊನೆಗೆ ನನ್ನ ಮೊದಲನೆಯ ಪೆಟ್ಟಿಗೆಯನ್ನೇ ಬಗಲಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಅದರ ಮೂಲೆಯಲ್ಲಿ ಬಂಗಲೆಯ ಗೋಲಿಯೂ ಇತ್ತು. ತೆಗೆದಿಡಬಹುದಿತ್ತಲ್ಲ ಎನ್ನುತ್ತೀರಿ. ಸರೋಜಳೂ ಅದನ್ನೇ ಹೇಳಿದಳು. ಆದರೆ ಗೋಲಿಯ ಗಂಧಗಾಳಿ ಇಲ್ಲದವರು ಹೊಳಪು, ಬಣ್ಣ ನೋಡಿ ಆರಿಸುತ್ತಾರೆ, ಈ ಮಂಕು ಗೋಲಿಯ ಕಡೆ ತಿರುಗಿಯೂ ನೋಡುವುದಿಲ್ಲ ಎಂಬುದು ನನ್ನ ಪಾಂಡಿತ್ಯ. ಆ ಪಾಂಡಿತ್ಯದ ಧೈರ್ಯದಲ್ಲಿ ಪೆಟ್ಟಿಗೆ ತೆರೆದು, "ಇದರಲ್ಲಿ ಯಾವುದು ಬೇಕಾದ್ರೂ ತಗೊಳ್ಳಿ ಲೀಲಕ್ಕ, ನನ್ನ ಮಾತು ಅಂದ್ರೆ ಮಾತು" ಎಂದುಬಿಟ್ಟೆ.

ಲೀಲಕ್ಕ ಪೆಟ್ಟಿಗೆಯ ಕಡೆ ಸರಿಯಾಗಿ ನೋಡಲೇ ಇಲ್ಲ. ಒಂದೊಂದೇ ಗೋಲಿಯನ್ನು ಬೆಚ್ಚಗಿನ ನೀರಿನ ಲೋಟದಲ್ಲಿ ಅದ್ದಿ, ಒಡೆಯಬಾರದಲ್ಲ, ಆಮೇಲೆ ಕುದಿಯುವ ಪಾತ್ರೆಗೆ ಬಿಟ್ಟು, ಗೋಡೆ ನೋಡುತ್ತಾ ಕೇಳಿಸಿಕೊಂಡರು. ಹಳದಿ ಗೋಲಿ, ಬೇಡ. ಚಿನ್ನದ ಪುಡಿ ಮಿನುಗುವುದು, ಬೇಡ. ಇಪ್ಪತ್ತೋ ಇಪ್ಪತ್ತೈದೋ ಆದಮೇಲೆ ಅವರ ಕೈ ಮೂಲೆಗೆ ಹೋಯಿತು. ಪಾತ್ರೆಯೊಳಗಿಂದ ಬಂದ ಸದ್ದು ಕೇಳುತ್ತಿದ್ದಂತೆ ಅವರ ಮುಖ ಅರಳಿತು.

"ಇದು" ಎಂದರು.

"ಅದು ಸ್ವಲ್ಪ ಸೊಟ್ಟ ಉಂಟು ಲೀಲಕ್ಕ" ಎಂದೆ.

"ಸೊಟ್ಟ ಇದ್ರೇ ಮಾರಾಯ್ರೆ ಕೂತಲ್ಲಿ ಕೂರೋದಿಲ್ಲ, ಕುಣೀತಾ ಇರ್ತದೆ. ನೀವು ಇದನ್ನೇ ಮೊದಲು ತರೋದಲ್ವಾ!"

ಮಾತು ಅಂದರೆ ಮಾತು ಎಂದಿದ್ದೆನಲ್ಲ. ಸುಣ್ಣ ಹಿಡಿದ ಗೋಲಿಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಕೂತೆ. ಹೋದದ್ದಕ್ಕೆ ಬದಲು ಅಂಥದೇ ಒಂದು ಬಂತು, ಅದೂ ಬೆಂಕಿಯಿಂದ ಪಾರಾಗಿ ಬಂತು ಎಂದು ಸಮಾಧಾನ ಮಾಡಿಕೊಂಡೆ. ಮನೆಗೆ ಬಂದು ವಿನೆಗರಿನಲ್ಲಿ ನೆನೆಹಾಕಿದೆ. ಬೆಳಿಗ್ಗೆ ಸುಣ್ಣ ಬಿಟ್ಟಿತ್ತು. ಅಂಗಡಿಯ ಭೂತಗನ್ನಡಿಯ ಕೆಳಗಿಟ್ಟು ನೋಡಿದೆ. ಹೊಕ್ಕುಳಲ್ಲ, ಬಿಸಿಗೆ ಚಕ್ಕೆ ಎದ್ದ ಜಾಗ. ನೀಲಿ ಎಳೆಯಲ್ಲ, ನೀಲಿಯ ಮೂರು ಎಸಳು. ಬೆಕ್ಕಿನ ಕಣ್ಣಿನ ಗೋಲಿ. ಕಿರಾಣಿ ಅಂಗಡಿಯ ಬಾಟಲಿಯಿಂದ ಮುಷ್ಟಿಗಟ್ಟಲೆ ತೆಗೆದುಕೊಡುವ, ಯಂತ್ರದಲ್ಲಿ ಉದುರಿದ, ಊರಿಗೆಲ್ಲ ಸಾಮಾನ್ಯವಾದ ಗೋಲಿ!

ಮೊದಲು ನಾಚಿಕೆಯಾಯಿತು. ಆಮೇಲೆ ಸಿಟ್ಟು, ಯಾರ ಮೇಲೆ ಎಂದು ಗೊತ್ತಿಲ್ಲದ ಸಿಟ್ಟು. ಇಷ್ಟು ವರ್ಷ ಭೂತಗನ್ನಡಿ ಹಿಡಿದು ಕಲಿತ ನಾನು ಕುರುಡನಾದೆ. ಗೋಲಿಯನ್ನು ಗೋಲಿಯೆಂದೂ ನೋಡದ ಲೀಲಕ್ಕ ಇಪ್ಪತ್ತೈದರಲ್ಲಿ ಎಲ್ಲಕ್ಕಿಂತ ಉತ್ತಮವಾದ ಒಂದನ್ನು ಕಿವಿಯಿಂದಲೇ ಆರಿಸಿದರು. ಸರೋಜ ನಗಲಿಲ್ಲ. ಅದೇ ಹೆಚ್ಚು ಚುಚ್ಚಿತು. "ಹೋಗಿ ಕೇಳ್ರಿ, ತಪ್ಪಾಯ್ತು ಅಂತ. ಕೇಳಕ್ಕೇನು ನಾಚ್ಕೆ? ಹನ್ನೊಂದು ಭಾನುವಾರ ಮಣ್ಣು ಜಾಲಾಡ್ದೋರು ನೀವು" ಎಂದಳು. ಹೌದೆನ್ನಿಸಿತು. ಹದಿನೈದು ದಿನ ಕಾಯುವಂತಿರಲಿಲ್ಲ. ಒಂದು ಸಲ ನೀರು ಬತ್ತಿ, ಒಂದು ಲೋಟ ತಣ್ಣೀರು ಬಿದ್ದರೆ ಮುಗಿಯಿತು. ಅಂದೇ ಅಂಗಡಿ ಮುಚ್ಚಿ ಹೊರಟೆ. ಹೇಳಬೇಕಾದ ವಾಕ್ಯವನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ: ಲೀಲಕ್ಕ, ನನ್ನ ಗೋಲಿ ನನಗೆ ವಾಪಸ್ ಬೇಕು. ಪಕ್ಕದ ಸೀಟಿನವರು ನನ್ನನ್ನೊಮ್ಮೆ ನೋಡಿ ಕಿಟಕಿಯ ಕಡೆ ಸರಿದು ಕೂತರು.

ಹೋಟೆಲಿನ ಮೆಟ್ಟಿಲು ಹತ್ತುವ ಮೊದಲೇ ಕೇಳಿಸಿತು. ಟಿಣ್, ಟಿಣ್ ಟಣ್, ಟಿಣ್. ಹಳೆಯದರ ಹಾಗೆ ಕೆಮ್ಮಿದ ಸದ್ದಲ್ಲ. ತುಂಬಿದ, ತೆರೆದ ಸದ್ದು. ಒಂದು ಸಲದ ಹಾಗೆ ಇನ್ನೊಂದು ಸಲ ಇಲ್ಲ. ನಾನು ಬೆಂಚಿನ ಮೇಲೆ ಕೂತೆ. ಆ ಗೋಲಿಯ ತೂಕ ನನಗೆ ಗೊತ್ತಿತ್ತು, ಅಳತೆ ಗೊತ್ತಿತ್ತು, ಅದರೊಳಗಿನ ಬಿಳಿ ಎಳೆಗಳು ಎಷ್ಟೆಂದು ಗೊತ್ತಿತ್ತು. ಅದಕ್ಕೊಂದು ದನಿ ಇದೆ ಎಂಬುದು ಗೊತ್ತಿರಲಿಲ್ಲ. ಹದಿನಾರು ವರ್ಷ ನಾನದನ್ನು ಒಮ್ಮೆಯೂ ಯಾವುದಕ್ಕೂ ತಾಗಲು ಬಿಟ್ಟಿರಲಿಲ್ಲ.

"ಎಂತ ಇವತ್ತೇ ಬಂದ್ರಿ?" ಎಂದರು ಲೀಲಕ್ಕ. "ನಿಮ್ಮ ಗೋಲಿ ಭಾರೀ ಲಾಯ್ಕ್ ಉಂಟು. ಅತ್ತ ಬಚ್ಚಲಲ್ಲಿದ್ರೂ ಕೇಳ್ತದೆ."

ನಾನು ಬಾಯಿ ತೆರೆದೆ. ವಾಕ್ಯ ನಾಲಿಗೆಯ ತುದಿಯಲ್ಲೇ ಇತ್ತು, ಒಂದಕ್ಷರವೂ ಮರೆತಿರಲಿಲ್ಲ. ಲೀಲಕ್ಕ ಮುಚ್ಚಳಕ್ಕೆ ಕೈ ಹಾಕಿ ಕೇಳಿದರು:

"ಬೆಂದುಂಟು. ಇಳಿಸ್ಲಾ?"

"ಬೇಡ ಲೀಲಕ್ಕ" ಎಂದೆ. "ಇನ್ನೊಂದು ಸ್ವಲ್ಪ ಹೊತ್ತು ಬೇಯಲಿ."