ಎರವಿನ ಸರದ ಹಾಡು

ನಾನು ಚಿಕ್ಕವಳಿದ್ದಾಗ ಹೆಣ್ಣು ನೋಡಲು ಬಂದವರು ಮೂರು ಪರೀಕ್ಷೆ ಮಾಡುತ್ತಿದ್ದರು. ಹುಡುಗಿ ನಾಲ್ಕು ಹೆಜ್ಜೆ ನಡೆದು ತೋರಿಸಬೇಕು, ತನ್ನ ಹೆಸರು ಬರೆದು ತೋರಿಸಬೇಕು, ಕೊನೆಗೆ ಒಂದು ಹಾಡು ಹೇಳಬೇಕು. ನಮ್ಮ ಅಕ್ಕ ನಡೆಯುವುದರಲ್ಲೂ ಬರೆಯುವುದರಲ್ಲೂ ಪಾಸಾದಳು. ಹಾಡಿನಲ್ಲಿ ಮಾತ್ರ ಎಡವಟ್ಟಾಯಿತು.

ಆಗ ನಾವು ಇಂಡಿ ತಾಲೂಕಿನ ತಾಂಬಾದಲ್ಲಿದ್ದೆವು. ಗೊಳಸಂಗಿಯಿಂದ ಗಂಡಿನವರು ಬರುತ್ತಾರೆ ಎಂದು ತಿಳಿದ ದಿನವೇ ಅಪ್ಪ ಇಂಡಿಗೆ ಹೋಗಿ ಭಕ್ತಿಗೀತೆಗಳ ಕ್ಯಾಸೆಟ್ ಒಂದನ್ನು ತಂದ. ವಾರವಿಡೀ ಟೇಪ್ ರೆಕಾರ್ಡರ್ ಹಾಡಿತು, ಅದರ ಹಿಂದೆ ಅಕ್ಕ ಹಾಡಿದಳು. ರೀಲು ಸಿಕ್ಕಿಹಾಕಿಕೊಂಡಾಗಲೆಲ್ಲ ಅಪ್ಪ ಪೆನ್ಸಿಲ್ ತೂರಿಸಿ ಸುತ್ತುತ್ತಿದ್ದ. ಕೇಳಿ ಕೇಳಿ ನನಗೂ ಅವ್ವನಿಗೂ ಪಕ್ಕದ ಮನೆಯ ಖಾಲಾಗೂ ಆ ಹಾಡು ಬಾಯಿಪಾಠವಾಯಿತು. ಖಾಲಾ ಎಂದರೆ ನಮಗೆ ಚಿಕ್ಕಮ್ಮನ ಹಾಗೆ. ಆ ದಿನ ಅಕ್ಕ ಉಟ್ಟ ಹಸಿರು ಇಳಕಲ್ ಸೀರೆಯೂ, ಕೊರಳಲ್ಲಿದ್ದ ಚಿನ್ನದ ಬೋರಮಾಳ ಸರವೂ ಖಾಲಾಳವೇ.

ಅಕ್ಕನಿಗೆ ಇನ್ನೊಂದು ಚಟವಿತ್ತು. ರೊಟ್ಟಿ ಬಡಿಯುವಾಗ ತನ್ನದೇ ಹಾಡು ಕಟ್ಟುತ್ತಿದ್ದಳು. ಬಡಿತವೇ ತಾಳ. ಹೊಗೆ ಕಣ್ಣಿಗೆ ಹೋದರೆ ಹೊಗೆಯ ಮೇಲೊಂದು ಸಾಲು, ಎಮ್ಮೆ ಒದ್ದರೆ ಎಮ್ಮೆಯ ಮೇಲೊಂದು. ಇದು ನನಗೊಬ್ಬಳಿಗೇ ಗೊತ್ತಿತ್ತು.

ಗಂಡಿನವರ ಜೀಪು ಬಂತು. ಪಡಸಾಲೆಯ ತುಂಬ ಊದಿನಕಡ್ಡಿಯ ಘಮ, ಒಗ್ಗರಣೆ ಹಾಕಿದ ಚುರುಮುರಿ ಸುಸಲಾದ ಘಮ. ಗಂಡು ತನ್ನ ಕಾಲ್ಬೆರಳನ್ನೇ ನೋಡುತ್ತ ಕುಳಿತಿದ್ದ. ಅವನ ಅಪ್ಪ ಮೀಸೆ ತಿರುವುತ್ತಿದ್ದರು. ಅವನ ಅವ್ವ ಸೆರಗು ಮುಖದವರೆಗೆ ಎಳೆದುಕೊಂಡು ಮೂಲೆಯಲ್ಲಿ ಕುಳಿತಿದ್ದರು, ಬಂದಾಗಿನಿಂದ ಒಂದು ಮಾತೂ ಆಡಿರಲಿಲ್ಲ.

"ಒಂದ್ ಹಾಡ್ ಹೇಳವಾ," ಎಂದರು ಮೀಸೆಯವರು.

ಅಕ್ಕ ಭಕ್ತಿಗೀತೆ ಶುರು ಮಾಡಿದಳು. ಮೊದಲ ಸಾಲು ಬಂತು. ಎರಡನೆಯದು ಬರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಾನೂ ಖಾಲಾನೂ ಮೀನಿನಂತೆ ಬಾಯಿ ತೆರೆದು ಮುಚ್ಚಿ ಆ ಸಾಲು ತೋರಿಸಿದೆವು. ಅಕ್ಕ ನೋಡಲೇ ಇಲ್ಲ. ಆಮೇಲೆ ಅವಳು ಕಣ್ಣು ಮುಚ್ಚಿದಳು, ಅಂಗೈ ತೊಡೆಯ ಮೇಲೆ ಮೆಲ್ಲಗೆ ಬಡಿಯತೊಡಗಿತು. ಅದು ರೊಟ್ಟಿಯ ತಾಳ! ನಾನು ಬೇಡವೆಂದು ಕೈಯಾಡಿಸಿದೆ. ಅಷ್ಟರಲ್ಲಿ ಹಾಡು ಹೊರಗೆ ಬಂದೇಬಿಟ್ಟಿತು:

"ನಕ್ಕರ ನಗರೆವ್ವ, ನನ ರೊಟ್ಟಿ ದುಂಡಲ್ಲ
ಪಕ್ಕಾ ಇಂಡಿ ತಾಲೂಕ ನಕಾಶಿ, ಹರಿದಲ್ಲಿ
ಭೀಮಾ ಹೊಳಿ ಹರಿದ ಗುರುತೈತಿ.

ಸೀರಿ ಉಟ್ಟ ಕುಂತೇನಿ, ಸೀರೀನೂ ನಂದಲ್ಲ
ಸರ ಹಾಕಿ ಕುಂತೇನಿ, ಸರಾನೂ ನಂದಲ್ಲ
ಅಂಜಿಕಿ ಒಂದ ನಂದ ಇವತ್ತ."

ಅಪ್ಪನ ಕೈಯ ಸುಸಲಾ ಬಾಯಿಗೆ ಹೋಗದೆ ಅಲ್ಲೇ ನಿಂತಿತು. "ಯಾ ಅಲ್ಲಾ! ಸರದ್ದೂ ಹೇಳಿಬಿಟ್ಲಲ್ಲ!" ಎಂದು ಖಾಲಾ ಕೂಗಿಕೊಂಡಳು. ಹಾಡು ಅರ್ಥವಾಗದಿದ್ದವರಿಗೂ ಆಗ ಅರ್ಥವಾಯಿತು.

ಮೀಸೆಯವರು ದಿಗ್ಗನೆ ಎದ್ದರು. "ನಡೀರಿ, ಹೋಗೂಣು."

ಅವರ ಹೆಂಡತಿ ಏಳಲಿಲ್ಲ. ಸೆರಗಿನೊಳಗೆ ಅವರ ಭುಜಗಳು ಕುಲುಕುತ್ತಿದ್ದವು. ಅಳುತ್ತಿದ್ದಾರೆ ಎಂದುಕೊಂಡು ಅವ್ವ ನೀರು ತಂದಳು. ಸೆರಗು ಸರಿಸಿದರೆ ಆಕೆ ನಗುತ್ತಿದ್ದರು, ಕಣ್ಣಲ್ಲಿ ನೀರೂ ಇಳಿಯುತ್ತಿತ್ತು.

"ಇನ್ನೊಮ್ಮಿ ಹೇಳವಾ ಅದನ್ನ," ಎಂದರು ಅಕ್ಕನಿಗೆ.

"ಏ, ಏಳ ಅಂದ್ರ!"

"ನೀವು ಜೀಪ್ ಹತ್ರಿ. ನಾ ಹಾಡ ಕೇಳಿ ಬರ್ತೇನಿ." ಆಕೆ ಗಂಡನನ್ನೇ ನೋಡುತ್ತ ಮುಂದುವರಿಸಿದರು. "ನೀವು ನನ್ನ ನೋಡಾಕ ಬಂದಾಗ ನನ್ನ ಕೊಳ್ಳಾಗಿನ ಸರಾನೂ ಎರವಿಂದ ಇತ್ರಿ. ಮೂವತ್ತು ವರ್ಷ ಆತು, ಯಾರ ಮುಂದೂ ಅಂದಿಲ್ಲ."

ಮೀಸೆಯ ಮೇಲಿದ್ದ ಕೈ ಅಲ್ಲೇ ಉಳಿಯಿತು. "ಎರವಿಂದಾ? ಆ ದೊಡ್ಡ ಸರಾ?"

"ಹೌದ್ರಿ."

ಅವರು ಮತ್ತೆ ಕುಳಿತುಬಿಟ್ಟರು. ಅಕ್ಕ ಎರಡನೆಯ ಸಲ ಹಾಡಿದಳು. ಈ ಸಲ ಕಣ್ಣು ಮುಚ್ಚಲಿಲ್ಲ.

ಸಂಬಂಧ ಕೂಡಲಿಲ್ಲ. "ಹುಡುಗಿ ಬಾಯಿ ಭಾಳ ಐತಿ" ಎಂದು ಮೂರನೆಯ ದಿನ ಹೇಳಿಕಳಿಸಿದರು. ಅಪ್ಪ ಎರಡು ದಿನ ಅಕ್ಕನೊಡನೆ ಮಾತು ಬಿಟ್ಟ, ಅವಳ ರೊಟ್ಟಿಯನ್ನು ಮಾತ್ರ ಬಿಡಲಿಲ್ಲ. ಮುಂದಿನ ವಾರ ಆ ಗಂಡಿನ ಅವ್ವ ಒಬ್ಬರೇ ಬಸ್ಸಿಳಿದು ನಮ್ಮ ಮನೆಗೆ ಬಂದರು. ಸಂಬಂಧ ಮತ್ತೆ ಕುದುರಿತು ಎಂದು ಅಪ್ಪ ಓಡಿಹೋಗಿ ಹೊಸ ಟೋಪಿ ಹಾಕಿಕೊಂಡು ಬಂದ.

"ಸಂಬಂಧದ ಮಾತಿಗೆ ಬಂದಿಲ್ರಿ ಅಣ್ಣಾರ," ಎಂದರು ಆಕೆ. "ನಾನೂ ಒಂದ್ ಹಾಡ ಕಟ್ಟೇನಿ. ನಿಮ್ಮ ಮಗಳ ಮುಂದ ಹೇಳಬೇಕು." ಅಡುಗೆಮನೆಯಲ್ಲಿ ಕುಳಿತು, ಹುಡುಗಿಯಂತೆ ನಾಚಿಕೊಂಡು ಹಾಡಿದರು:

"ಮೂವತ್ತ ವರುಷಾತು, ಮುಂಜಾನಿ ಚಾ ಕಾಸಿ
ಎಲ್ಲಾರು ಕುಡದಿಂದ ಆರಿದ್ದ ಕುಡದೇನಿ
ಇವತ್ತ ಬಿಸಿದ ಕುಡದ ಬಂದೇನಿ."

ಖಾಲಾ ಚಪ್ಪಾಳೆ ಹೊಡೆದಳು. ಅವ್ವ ನಗಲಿಲ್ಲ, ಸುಮ್ಮನೆ ಆಕೆಯ ಕೈ ಹಿಡಿದುಕೊಂಡಳು. ಹೊರಗೆ ಕುಳಿತಿದ್ದ ಅಪ್ಪನಿಗೂ ಹಾಡು ಕೇಳಿಸಿರಬೇಕು. ಮರುದಿನ ಬೆಳಿಗ್ಗೆ ಕಪ್ಪು ಕೈಯಲ್ಲಿ ಹಿಡಿದು ಅವ್ವನನ್ನು, "ನೀ ಚಾ ಕುಡದಿಯೇನು?" ಎಂದು ಕೇಳಿದ. ಅವ್ವ ಗಾಬರಿಯಾಗಿ ಅವನ ಹಣೆ ಮುಟ್ಟಿ ನೋಡಿದಳು. "ಯಾಕ್ರಿ, ಆರಾಮಿಲ್ಲೇನು?"

ಆಮೇಲೆ ನಮ್ಮ ಓಣಿಯ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಹಾಡು ಹಿಡಿದುಕೊಂಡು ಬಂದರು. ಯಾರ ಸಾಲು ಉದ್ದವಾದರೂ ಅಕ್ಕ ಕತ್ತರಿಸಿ ತಾಳಕ್ಕೆ ಕೂರಿಸುತ್ತಿದ್ದಳು. ಸುಳ್ಳು ಸೇರಿಸಿದರೆ ಮಾತ್ರ, "ಇದು ನಿಂದಲ್ಲ, ಬ್ಯಾರೆ ತಾ" ಎಂದು ವಾಪಸು ಕಳಿಸುತ್ತಿದ್ದಳು. ಮರುವರ್ಷ ಮುದ್ದೇಬಿಹಾಳದವರು ನೋಡಲು ಬಂದಾಗ ಅಪ್ಪ ಅವರು ಕೂರುವ ಮೊದಲೇ, "ಹುಡುಗಿಗಿ ಗಂಟಲ ಬ್ಯಾನಿ ಐತ್ರಿ, ಹಾಡ ಕೇಳಬ್ಯಾಡ್ರಿ" ಎಂದು ಕೈಮುಗಿದ. ಅಕ್ಕನ ಮದುವೆ ಹಾಗೆ ಆಯಿತು. ಗಂಟಲು ಮದುವೆಯ ಮರುದಿನವೇ ವಾಸಿಯಾಯಿತು.

ಮಕ್ಕಳೇ, ನಿಮ್ಮನ್ನು ಈಗ ಯಾರೂ ನಡೆಸಿ ನೋಡುವುದಿಲ್ಲ, ಹಾಡಿಸಿ ನೋಡುವುದಿಲ್ಲ. ನಿಮಗೆ ಬೇಕೆನಿಸಿದಾಗ ನೀವೇ ಹಾಡುತ್ತೀರಿ. ಮೊನ್ನೆ ನಾನು ಮಧ್ಯಾಹ್ನ ಮಲಗಿದ್ದಾಗ ನೀವಿಬ್ಬರೂ ಸೇರಿ "ಅಜ್ಜಿಯ ಗೊರಕೆ" ಎಂದು ಹಾಡು ಕಟ್ಟಿ ಫೋನಿನಲ್ಲಿ ನೆಂಟರಿಗೆಲ್ಲ ಕಳಿಸಿದಿರಲ್ಲ, ನಾನು ಏಳುವುದರೊಳಗೆ ಅದು ಮುದ್ದೇಬಿಹಾಳಕ್ಕೂ ಮುಟ್ಟಿತ್ತು. ಅಕ್ಕ ನನಗೆ ಫೋನು ಮಾಡಿ, ಎರಡನೆಯ ಸಾಲು ಉದ್ದವಾಯಿತು, ಸ್ವಲ್ಪ ಕತ್ತರಿಸಲು ಹೇಳು ಎಂದಳು. ಹಾಡಿನಲ್ಲಿ ಸುಳ್ಳಿದೆ ಎಂದು ಮಾತ್ರ, ನಾನು ಎಷ್ಟು ಕಾದರೂ, ಅವಳು ಹೇಳಲಿಲ್ಲ.