ಜನರಿಲ್ಲದ ಊರಿನ ಬಸ್ಸು

ಇಪ್ಪತ್ತಾರು ವರ್ಷ ನಗರದ ಬಸ್ಸು ಓಡಿಸಿದ ಅಪ್ಪ ಈಗ ಮಗಳ ಹಳೆಯ ಕಂಪ್ಯೂಟರಿನಲ್ಲಿ ಬಸ್ಸು ಓಡಿಸುತ್ತಿದ್ದರು. ತಿಂಡಿಯಾದ ಮೇಲೆ ಶರ್ಟಿನ ಗುಂಡಿ ಹಾಕಿಕೊಂಡು, ಕನ್ನಡಕ ಒರೆಸಿಕೊಂಡು, ಡ್ಯೂಟಿಗೆ ಹೊರಟವರ ಹಾಗೆಯೇ ಕುರ್ಚಿಗೆ ಬರುತ್ತಿದ್ದರು. ನಗಬೇಡಿ, ಮನುಷ್ಯನಿಗೆ ಹೊತ್ತು ಹೋಗಬೇಕಲ್ಲ.

ಮಗಳು ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿದ್ದಳು. ಈ ಬಸ್ಸಿನ ಆಟ ಹಾಕಿಕೊಟ್ಟ ದಿನವೇ ಹೇಳಿದ್ದಳು: "ಅಪ್ಪ, ಇದ್ರಲ್ಲಿ ಚಿತ್ರ ಬಿಡಿಸೋ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಹಾಸಿಗೆ ಇದ್ದಷ್ಟೇ ಕಾಲು ಚಾಚ್ಬೇಕು." ನೆರಳು ತೆಗೆದಳು, ಮರ ತೆಗೆದಳು. ಆದರೂ ಬಸ್ಸು ಕುಂಟುತ್ತಿತ್ತು. ಕಡೆಗೆ ರಸ್ತೆಯಲ್ಲಿ ಓಡಾಡುವ ಜನರನ್ನೂ ತೆಗೆದಳು. ಬಸ್ಸು ಸಲೀಸಾಗಿ ಓಡಿತು.

"ಹಾಳೂರಿಗೆ ಉಳಿದವನೇ ಗೌಡ," ಎಂದು ಅಪ್ಪ ನಕ್ಕರು. ಆರು ವರ್ಷದಿಂದ ಅವರು ಹಾಗೆ ನಕ್ಕಿರಲಿಲ್ಲ, ಸ್ಟೀರಿಂಗನ್ನೂ ಮುಟ್ಟಿರಲಿಲ್ಲ.

ಆರು ವರ್ಷದ ಹಿಂದೆ, ಬೆಳಗಿನ ಎರಡನೇ ಟ್ರಿಪ್ಪಿನಲ್ಲಿ, ರಸ್ತೆ ದಾಟಿ ಮುಗಿಸಿದ್ದ ಮುದುಕರೊಬ್ಬರು ಕಾಲಿನಿಂದ ಜಾರಿದ ಚಪ್ಪಲಿಗೆಂದು ಗಕ್ಕನೆ ಹಿಂತಿರುಗಿದ್ದರು. ಅಪ್ಪ ಬ್ರೇಕ್ ಒತ್ತಿದರು. ಸಾಲಲಿಲ್ಲ. ವಿಚಾರಣೆಯಲ್ಲಿ ಚಾಲಕನ ತಪ್ಪಿಲ್ಲ ಎಂದಾಯಿತು. ಬಂದವರೆಲ್ಲ ಅದನ್ನೇ ಹೇಳಿ ಸಮಾಧಾನ ಮಾಡಿದರು. ಮನಸ್ಸು ಮಾತ್ರ ಕೇಳಲಿಲ್ಲ. ಅವರು ಮತ್ತೆ ಡಿಪೋಗೆ ಹೋಗಲಿಲ್ಲ, ಮನೆಯಲ್ಲಿ ಆ ಮಾತು ಎತ್ತಲೂ ಇಲ್ಲ. ಜನರೇ ಇಲ್ಲದ ಊರು ಸಿಕ್ಕ ಮೇಲೆಯೇ ಅವರಿಗೆ ಅಂಜಿಕೆಯಿಲ್ಲದೆ ಬಸ್ಸು ಓಡಿಸಲು ಆದದ್ದು. ಅಪಘಾತ ಮಗಳಿಗೆ ಗೊತ್ತಿತ್ತು, ಇದು ಗೊತ್ತಿರಲಿಲ್ಲ.

ಒಂದು ಭಾನುವಾರ ಅವಳು ಕಂಪ್ಯೂಟರ್ ಡಬ್ಬದ ಮುಚ್ಚಳ ಬಿಚ್ಚಿ, ಧೂಳು ಊದಿ, ಅಂಗಡಿಯಿಂದ ತಂದ ಇನ್ನೊಂದು ರ್‍ಯಾಮ್ ಕೂರಿಸಿದಳು. "ಕಾರ್ಡ್ ಇಲ್ದಿದ್ರೆ ಚಿತ್ರ ಬಿಡಿಸೋಕೂ ಈ ಮೆಮೊರಿನೇ ಗತಿ ಅಪ್ಪ. ಒಂಟಿ ಇದ್ದದ್ದು ಜೋಡಿ ಆಯ್ತು, ನೋಡಿ ಈಗ." ಅಪ್ಪನಿಗೆ ಖುಷಿಯಾಗಲಿ ಎಂದು, ಹೇಳದೆ ಕೇಳದೆ, ಜನರನ್ನೆಲ್ಲ ವಾಪಸ್ಸು ಹಾಕಿದಳು.

ಬಸ್ಸು ಹೊರಟಿತು. ಮೊದಲ ಸಿಗ್ನಲ್ಲಿನಲ್ಲೇ ಚೀಲ ಹಿಡಿದ ಹೆಂಗಸು, ಇಬ್ಬರು ಮಕ್ಕಳು, ಅವರ ಹಿಂದೆ ಒಬ್ಬ ಮುದುಕ ರಸ್ತೆಗೆ ಇಳಿದರು. ಅಪ್ಪನ ಬೆರಳು ಕೀಬೋರ್ಡಿನಲ್ಲಿ ಬ್ರೇಕಿನ ಕೀ ಒತ್ತಿತು. ಮೇಜಿನ ಕೆಳಗೆ ಬಲಗಾಲು ಧಪ್ಪೆಂದು ನೆಲವನ್ನು ಒತ್ತಿತು. ಬಸ್ಸು ನಿಂತ ಮೇಲೂ ಕಾಲು ಒತ್ತಿಕೊಂಡೇ ಇತ್ತು.

ಮಗಳಿಗೆ ಆಗ ಅರ್ಥವಾಯಿತು. ತನ್ನ ಜಾಣತನಕ್ಕೆ ತನಗೇ ಹೇಸಿಗೆಯಾಯಿತು.

"ಜನರನ್ನ ತೆಗೆದುಬಿಡ್ಲಾ ಅಪ್ಪ?"

ಅವರು ಪರದೆಯಿಂದ ಕಣ್ಣು ತೆಗೆಯದೆ, "ಆವತ್ತು ಅವರ ಚಪ್ಪಲಿ ಜಾರಿತ್ತಮ್ಮ," ಎಂದರು. ಆರು ವರ್ಷದಲ್ಲಿ ಆ ಬಗ್ಗೆ ಆಡಿದ ಮೊದಲ ಮಾತು. "ತೆಗೀಬೇಡ. ಇರ್ಲಿ."

ಮಗಳು ಅವರ ಹೆಗಲ ಮೇಲೆ ಕೈಯಿಟ್ಟು ನಿಂತಳು. ಆಟದಲ್ಲಿ ಹಿಂದಿನ ಗಾಡಿಗಳು ಹಾರ್ನ್ ಹೊಡೆಯತೊಡಗಿದವು.

"ಹಸಿರು ಬಂತಪ್ಪ."

"ಬರ್ಲಿ. ಅವರು ಪೂರ್ತಿ ದಾಟ್ಲಿ."

ಪರದೆಯ ಮುದುಕ ಫುಟ್‌ಪಾತ್ ಹತ್ತಿದ. ಅವನು ಎಲ್ಲಾದರೂ ಹಿಂತಿರುಗಿದರೆ ಎಂದು ಅಪ್ಪ ಇನ್ನೂ ಕಾಲು ಎತ್ತಲಿಲ್ಲ.